ಇಲಿಯ ಟೆಂಡನ್: ಎಳೆ ದಪ್ಪ, ಆದರೂ ಬಲ ಕಡಿಮೆ. ಯಾಕೆ?

ಕೊಣಾಜೆ_ಎಂಎಸ್ಸಿ
ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ನನ್ನ ಸೆಮಿನಾರ್ ಉಂಟು. ಕೋಲ್5ಎ1 ಜೀನ್‌ನಲ್ಲಿ ಮ್ಯುಟೇಶನ್ ಇರುವ ಇಲಿಗಳ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಬಗ್ಗೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರದಲ್ಲಿ ಅದಕ್ಕೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಮಾಮೂಲಿ ಇಲಿಯದಕ್ಕಿಂತ ದಪ್ಪ ಕಾಣುತ್ತವೆ. ದಪ್ಪ ಇದ್ದರೆ ಗಟ್ಟಿಯೂ ಇರಬೇಕಲ್ವಾ? ಆದರೆ ಟೆಂಡನ್ ಬಲ ಕಡಿಮೆ. ಗೈಡ್ ಇದನ್ನೇ ಕೇಳುತ್ತಾರೆ, ನನಗೆ ಲೆಕ್ಕ ಕೂಡುತ್ತಿಲ್ಲ.

ಮಣಿಪಾಲ_ಹಿಸ್ಟಾಲಜಿ
ಒಳ್ಳೆ ಪ್ರಶ್ನೆ ಮಾರಾಯ್ರೇ. ದಪ್ಪ ನೋಡಿದಿರಿ, ಎಣಿಸಿದಿರಾ? ಅದೇ ಚಿತ್ರದಲ್ಲಿ ಎಳೆಗಳ ಸಂಖ್ಯೆ ಕಡಿಮೆ ಇರುತ್ತದೆ.

ಟೆಂಡನ್ ತುಂಬ ಇರುವುದು ಟೈಪ್ 1 ಕೊಲಾಜೆನ್. ನಿಮ್ಮ ಜೀನ್ ಮಾಡುವ ಟೈಪ್ 5 ಅಲ್ಲಿ ಸ್ವಲ್ಪವೇ. ಆದರೆ ಎಳೆ ಶುರುವಾಗಲು ಅದು ಬೇಕೇ ಬೇಕು. ಜೀನ್‌ನ ಎರಡೂ ಪ್ರತಿ ಕೆಟ್ಟರೆ ಮರಿ ಗರ್ಭದಲ್ಲೇ ಸಾಯುತ್ತದೆ. ಟೈಪ್ 1 ತಯಾರಾಗಿ ಹೊರಗೆ ಬಂದಿರುತ್ತದೆ, ಎಳೆ ಮಾತ್ರ ಕಟ್ಟಿರುವುದಿಲ್ಲ! ನನಗೆ ಇಡೀ ವಿಷಯದಲ್ಲಿ ಮುಖ್ಯ ಅನಿಸುವುದು ಇದೇ. ಒಂದು ಪ್ರತಿ ಕೆಟ್ಟರೆ ಟೈಪ್ 5 ಅರ್ಧಕ್ಕಿಳಿಯುತ್ತದೆ. ಶುರುವಾಗುವ ಎಳೆಗಳೇ ಕಮ್ಮಿ, ಇರುವ ಟೈಪ್ 1 ಎಲ್ಲ ಅವುಗಳ ಮೇಲೆಯೇ ಕೂರುತ್ತದೆ. ಟೈಪ್ 5ರ ಒಂದು ತುದಿ ಎಳೆಯ ಮೇಲ್ಮೈಯಿಂದ ಹೊರಗೆ ಚಾಚಿಕೊಂಡು ಎಳೆ ಜಾಸ್ತಿ ದಪ್ಪವಾಗದಂತೆ ತಡೆಯುತ್ತದೆ. ಆ ತಡೆಯೂ ಸಡಿಲವಾಗುತ್ತದೆ.

ಇಲಿಯ ಬಾಲದ ತುದಿಯನ್ನು ಚಿಮಟದಲ್ಲಿ ಮುರಿದು ಮೆಲ್ಲಗೆ ಎಳೆದರೆ ಬಿಳಿ ನೂಲುಗಳು ಜಾರಿ ಬರುತ್ತವೆ, ಅವೇ ಟೆಂಡನ್, ಶಂಕರಪುರ ಮಲ್ಲಿಗೆ ಕಟ್ಟುವ ಬಾಳೆನಾರಿನ ಸೀಳಿನ ಹಾಗೆ ಹೊಳೆಯುತ್ತವೆ. ಒಂದನ್ನು ಅಡ್ಡ ಕೊಯ್ದು ನೋಡಿ. ಮಾಮೂಲಿ ಇಲಿಯಲ್ಲಿ ಎಳೆಗಳೆಲ್ಲ ಗುಂಡಗೆ, ದೊಡ್ಡವುಗಳ ಸಂದಿಯಲ್ಲಿ ಸಣ್ಣವು ಒತ್ತಾಗಿ ಕೂತಿರುತ್ತವೆ. ಟೈಪ್ 5 ತೀರಾ ಕಮ್ಮಿಯಾದ ಟೆಂಡನ್‌ನಲ್ಲಿ ಅಂಚು ಸೊಟ್ಟ, ಒಂದಕ್ಕೊಂದು ಅಂಟಿಕೊಂಡವೂ ಇರುತ್ತವೆ. ಭಾರ ಎಲ್ಲ ಎಳೆಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಬರೀ ದಪ್ಪ ಇಟ್ಟುಕೊಂಡು ಏನು ಮಾಡುವುದು?

ಕದ್ರಿ_ಫಿಸಿಯೋ
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮನುಷ್ಯರಲ್ಲಿ ಈ ಜೀನ್ ಕೆಟ್ಟರೆ ಎಹ್ಲರ್ಸ್-ಡ್ಯಾನ್ಲೋಸ್ ಸಿಂಡ್ರೋಮ್‌ನ ಕ್ಲಾಸಿಕಲ್ ಬಗೆ ಬರುತ್ತದೆ. ಚರ್ಮ ಎಳೆದಷ್ಟು ಬರುತ್ತದೆ, ಕೀಲು ಸಡಿಲ. ಇಂಥ ಮಕ್ಕಳ ಬೆರಳು ಹಿಂದಕ್ಕೆ ಬಾಗಿದರೆ ಮನೆಯವರು ಚಪ್ಪಾಳೆ ತಟ್ಟುತ್ತಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ, ಕೀಲು ತಪ್ಪುವುದು ಸುಲಭ. ಸೆಮಿನಾರ್‌ನಲ್ಲಿ ಇದನ್ನೂ ಹೇಳಿ.

ಉಡುಪಿ_ಝೂಆಲಜಿ
ಟೆಂಡನ್ ಬೆಳೆಯಲು ಬೇಕಾದ ಇನ್ನೊಂದು ಜೀನ್ ಉಂಟು, ಸ್ಕ್ಲೆರಾಕ್ಸಿಸ್. ಅದರ ಜೊತೆ ಕಲಸಿಕೊಳ್ಳಬೇಡಿ. 2007ರಲ್ಲಿ ವರದಿಯಾದ, ಆ ಜೀನ್ ಇಲ್ಲದ ಇಲಿಗಳಿಗೆ ಬಾಲ ಆಡಿಸಲಿಕ್ಕೇ ಆಗುತ್ತಿರಲಿಲ್ಲ. ಅಲ್ಲಿ ಟೆಂಡನ್ ಬೆಳೆಯುವುದರಲ್ಲೇ ತೊಂದರೆ. ನಿಮ್ಮದರಲ್ಲಿ ಟೆಂಡನ್ ಬೆಳೆದಿದೆ, ಎಳೆ ಕಟ್ಟಿದ ರೀತಿ ಕೆಟ್ಟಿದೆ. ಆದರೂ ನಂಟು ಉಂಟು: ಕೋಲ್5ಎ1 ಅನ್ನು ಟೆಂಡನ್‌ನಲ್ಲಿ ಮಾತ್ರ ತೆಗೆಯಲು ಸ್ಕ್ಲೆರಾಕ್ಸಿಸ್ ಜೀನನ್ನು ಟೆಂಡನ್‌ನಲ್ಲಿ ಆನ್ ಮಾಡುವ ಸ್ವಿಚ್ಚನ್ನೇ ಬಳಸಿದ್ದಾರೆ. ಇಡೀ ಮೈಯಿಂದ ತೆಗೆದರೆ ಮರಿಯೇ ಉಳಿಯುವುದಿಲ್ಲವಲ್ಲ.

ಕೊಣಾಜೆ_ಎಂಎಸ್ಸಿ
ಈಗ ಎಣಿಸಿ ನೋಡಿದೆ, ಒಂದೇ ಅಳತೆಯ ಚೌಕದಲ್ಲಿ ಎಳೆ ನಿಜಕ್ಕೂ ಕಡಿಮೆ. ಅಕ್ಕ, ದಪ್ಪದ ಸರಾಸರಿ ಒಂದೇ ಹಾಕಿದರೆ ಸಾಕಾ?

ಮಣಿಪಾಲ_ಹಿಸ್ಟಾಲಜಿ
ಸಾಲದು. ಸರಾಸರಿಯಲ್ಲಿ ಸಣ್ಣ ಎಳೆಗಳು ಮುಚ್ಚಿಹೋಗುತ್ತವೆ. ಯಾವ ದಪ್ಪದವು ಎಷ್ಟಿವೆ ಅಂತ ಗ್ರಾಫ್ ಹಾಕಿ, ಎರಡೂ ಇಲಿಗಳದ್ದು ಅಕ್ಕಪಕ್ಕ.