ಸಹಾಯ ಬೇಕು: ಸೆರ್ಬೋ-ಕ್ರೊಯೇಷಿಯನ್ ಕ್ರಿಯಾಪದಗಳ ವರ್ತಮಾನ ರೂಪಗಳನ್ನು ಕಲಿಯುವ ಬಗೆ

ಸದಸ್ಯರೆಲ್ಲರಿಗೂ ನಮಸ್ಕಾರ. ಉದ್ಯೋಗದ ನಿಮಿತ್ತ ಸೆರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ಗೆ ತೆರಳಲಿರುವುದರಿಂದ ಸೆರ್ಬೋ-ಕ್ರೊಯೇಷಿಯನ್ ಕಲಿಯುತ್ತಿದ್ದೇನೆ. ಪುರುಷ, ವಚನಗಳಿಗೆ ತಕ್ಕಂತೆ ಪ್ರತ್ಯಯ ಬದಲಾಗುವುದು ಕನ್ನಡಿಗರಿಗೆ ಹೊಸದೇನಲ್ಲ. ‘ಓದುತ್ತೇನೆ’ ಎಂದರೆ ಸಾಲುವಂತೆ ಅಲ್ಲಿಯೂ ‘ಚಿತಾಮ್’ ಎಂದರೆ ಸಾಕು, ‘ನಾನು’ ಎಂದು ಬೇರೆಯಾಗಿ ಹೇಳಬೇಕಿಲ್ಲ.

ನನಗೆ ತೊಡಕಾಗಿರುವುದು ಧಾತುವಿನ ಬದಲಾವಣೆ. ಉದಾಹರಣೆಗೆ, ಈ ಮೂರು ಕ್ರಿಯಾಪದಗಳ ಮೂಲರೂಪಗಳೆಲ್ಲ ‘ಆತಿ’ ಎಂದೇ ಮುಗಿದರೂ, ಓದು ಎಂಬರ್ಥದ ‘ಚಿತಾತಿ’ಯಿಂದ ‘ಚಿತಾಮ್’, ಬರೆ ಎಂಬರ್ಥದ ‘ಪಿಸಾತಿ’ಯಿಂದ ‘ಪಿಶೆಮ್’, ಹಿಡಿ ಎಂಬರ್ಥದ ‘ದ್ರ್ಝಾತಿ’ಯಿಂದ ‘ದ್ರ್ಝಿಮ್’ ಹುಟ್ಟುತ್ತವೆ. ‘ಅವರು’ ಎಂಬ ಕರ್ತೃವಿಗೆ ಇವೇ ಕ್ರಮವಾಗಿ ‘ಚಿತಾಯು’, ‘ಪಿಶು’, ‘ದ್ರ್ಝೆ’ ಆಗುತ್ತವೆ. ಕೊಳ್ಳು ಎಂಬರ್ಥದ ‘ಕುಪೊವಾತಿ’ ‘ಕುಪುಯೆಮ್’ ಆಗುವಂತೆ ‘ಒವಾತಿ’ ಕೊನೆಯವು ಸಾಮಾನ್ಯವಾಗಿ ‘ಉಯೆಮ್’ ಆಗುತ್ತವೆ ಎಂಬುದೊಂದು ದೊಡ್ಡ ನೆಮ್ಮದಿ.

ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನಲ್ಲಿ ‘ಕೆಲಸ ಮಾಡಬೇಕು’ ಎನ್ನಲು ‘ಮೊರಾಮ್ ರಾದಿತಿ’ ಎಂದು ಮೂಲರೂಪವನ್ನೇ ಬಳಸುವುದು ವಾಡಿಕೆ. ಬೆಲ್‌ಗ್ರೇಡ್‌ನಲ್ಲಿ ಹೆಚ್ಚಾಗಿ ‘ಮೊರಾಮ್ ದಾ ರಾದಿಮ್’ ಎಂದು ವರ್ತಮಾನ ರೂಪವೇ ಬರುವುದರಿಂದ, ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಆದ್ದರಿಂದ ಈ ಭಾಷೆಯನ್ನು ಬಲ್ಲವರಲ್ಲಿ ನನ್ನ ಕೋರಿಕೆ: ಪ್ರತಿ ಕ್ರಿಯಾಪದದ ಮೂಲರೂಪ, ‘ನಾನು’ ರೂಪ, ‘ಅವರು’ ರೂಪ ಈ ಮೂರನ್ನೂ ಒಟ್ಟಿಗೆ ಕಂಠಪಾಠ ಮಾಡುವುದೇ ಸರಿಯಾದ ಕ್ರಮವೇ, ಅಥವಾ ‘ಆತಿ’ ಕೊನೆಯ ಧಾತುಗಳನ್ನು ವಿಂಗಡಿಸುವ ನಂಬಲರ್ಹ ನಿಯಮವಿದೆಯೇ? ‘ಪಿಸಾತಿ’ಗೆ ಪೂರ್ಣಗೊಂಡ ಕ್ರಿಯೆಯನ್ನು ಸೂಚಿಸುವ ‘ನಪಿಸಾತಿ’ ಎಂಬ ಜೋಡಿಯನ್ನೂ ಮೊದಲಿನಿಂದಲೇ ಜೊತೆಗೆ ಕಲಿಯಬೇಕೇ? ದಯವಿಟ್ಟು ಉದಾಹರಣೆಗಳೊಂದಿಗೆ ತಿಳಿಸಿಕೊಡಿ.