ಗಂಧಸಾಲೆಯ ಘಮ ತಟ್ಟೆಗೆ ಬರುವಷ್ಟರಲ್ಲಿ ಮಾಯ! ಹೇಗೆ ಬೇಯಿಸುತ್ತೀರಿ?

ಪ್ರಶ್ನೆ (ಶಿವಮೊಗ್ಗ)
ತೀರ್ಥಹಳ್ಳಿ ಕಡೆಯ ಚಿಕ್ಕಮ್ಮನ ಮನೆಯಿಂದ ಗಂಧಸಾಲೆ ಅಕ್ಕಿ ಬಂದಿದೆ, ಈ ಸಲದ ಹೊಸ ಬೆಳೆ. ಸಣ್ಣ ಅಕ್ಕಿ, ಮೇಲೆ ತೆಳುವಾಗಿ ಕಂದು ತೌಡು ಉಳಿದಿದೆ. ಕುಕ್ಕರಿನಲ್ಲಿ ಮೂರು ವಿಸಿಲ್ ಕೂಗಿಸಿದರೆ ಪಕ್ಕದ ಮನೆಯವರು ಏನು ವಿಶೇಷ ಎಂದು ಕೇಳುತ್ತಾರೆ. ಬಡಿಸಿಕೊಂಡರೆ ಅನ್ನ ಮುದ್ದೆ, ಪರಿಮಳ ನಾಪತ್ತೆ. ನಮ್ಮ ಮನೆಯವರು ಪಲಾವ್ ಮಾಡು ಎನ್ನುತ್ತಾರೆ, ಅತ್ತೆಯವರು ಪಾಯಸಕ್ಕಲ್ಲದೆ ಬೇರೆ ಯಾವುದಕ್ಕೂ ಮುಟ್ಟಬೇಡ ಎನ್ನುತ್ತಾರೆ. ಬಲ್ಲವರು ತೀರ್ಪು ಕೊಡಿ.

ಉತ್ತರ (ಹೊಸನಗರ)
ತಂಗಿ, ನಿಮ್ಮ ತಟ್ಟೆಗೆ ಬರಬೇಕಾದ ಪರಿಮಳವೇ ಪಕ್ಕದ ಮನೆಗೆ ಹೋಗಿದೆ. ವಿಸಿಲಿನ ಹಬೆಯ ಜೊತೆ ಅದೂ ಹೊರಟುಹೋಗುತ್ತದೆ. ಕುಕ್ಕರನ್ನು ಬೇಳೆಗೆ ಇಟ್ಟುಕೊಳ್ಳಿ. ತಳ ದಪ್ಪವಿರುವ ಪಾತ್ರೆ, ಬಿಗಿಯಾಗಿ ಕೂರುವ ಮುಚ್ಚಳ ಇದ್ದರೆ ಸಾಕು. ಅಕ್ಕಿಯನ್ನು ಹಗುರವಾಗಿ ತೊಳೆಯಿರಿ; ಉಜ್ಜಿದರೆ ರುಚಿಯೆಲ್ಲ ಅಕ್ಕಚ್ಚಿನೊಡನೆ ಕೊಟ್ಟಿಗೆಗೆ ಹೋಗುತ್ತದೆ. ಅರ್ಧ ಗಂಟೆ ನೆನೆಸಿದರೆ ಬೇಗ ಬೇಯುತ್ತದೆ, ಅಷ್ಟರಮಟ್ಟಿಗೆ ಘಮವೂ ಉಳಿಯುತ್ತದೆ. ಹೊಸ ಅಕ್ಕಿ ಹೆಚ್ಚು ನೀರು ಕುಡಿಯುವುದಿಲ್ಲ, ಪಾವು ಅಕ್ಕಿಗೆ ಒಂದೂಮುಕ್ಕಾಲು ಪಾವು ಸಾಕು. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಒಲೆ ಆರಿಸಿ ಇನ್ನು ಹತ್ತು ನಿಮಿಷ. ನಡುವೆ ಮುಚ್ಚಳ ತೆಗೆದು ಇಣುಕುವ ಚಪಲ ಎಲ್ಲರಿಗೂ ಇರುತ್ತದೆ, ತಡೆದುಕೊಳ್ಳಿ.

ಆ ಕಂದು ತೌಡಿಗೆ ಬೇಸರಪಡಬೇಡಿ. ಹುರಿದ ಕಡಲೆಬೀಜದಂಥ ರುಚಿ ಇರುವುದೇ ಅದರಲ್ಲಿ. ಒಂದು ಅಗುಳನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ನೋಡಿ: ಮೊದಲು ತುಸು ತಡೆ, ಆಮೇಲೆ ಮೆತ್ತಗೆ, ಅಗಿದಂತೆ ಸಿಹಿ. ಮಿಲ್ಲಿನಲ್ಲಿ ಬೆಳ್ಳಗೆ ಮಾಡಿಸಿದ ಅಕ್ಕಿಯಲ್ಲಿ ಇದು ಸಿಗುವುದಿಲ್ಲ. ಆದರೆ ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಇಂಥ ಅಕ್ಕಿ ಬೇಗ ಕಮಟುತ್ತದೆ. ನಾವು ಪಣತದಲ್ಲಿ, ಅಂದರೆ ಕಣಜದಲ್ಲಿ, ಭತ್ತವನ್ನೇ ಇಟ್ಟು ಬೇಕಾದಷ್ಟೇ ಮಾಡಿಸುತ್ತೇವೆ. ನೀವು ಡಬ್ಬಿಯಲ್ಲಿಟ್ಟು ಕಾಯದೆ ಬೇಗ ಉಂಡು ಮುಗಿಸಿ.

ಪಲಾವ್ ಬೇಡವೇ ಬೇಡ. ಚಕ್ಕೆ ಲವಂಗ ಸುರಿದ ಮೇಲೆ ಗಂಧಸಾಲೆಯಾದರೇನು, ರೇಷನ್ ಅಕ್ಕಿಯಾದರೇನು? ಇದಕ್ಕೆ ತುಪ್ಪ, ಒಂದೆಲಗದ ತಂಬುಳಿ, ಮುಗಿಯಿತು. ಅತ್ತೆಯವರ ಪಾಯಸಕ್ಕೆ ನುಚ್ಚನ್ನು ಕೇರಿ ಎತ್ತಿಡಿ. ಹಾಲಿನಲ್ಲಿ ನುಚ್ಚೇ ಚೆನ್ನಾಗಿ ಕರಗುತ್ತದೆ.

ಉತ್ತರ (ಸಾಗರ)
ಅಕ್ಕ ಹೇಳಿದ್ದಕ್ಕೆ ಒಂದು ಸೇರ್ಪಡೆ, ಒಂದು ತಕರಾರು. ಪರಿಮಳದ ಅಕ್ಕಿಗಳ ಘಮಕ್ಕೆ ಮುಖ್ಯ ಕಾರಣ 2-ಅಸಿಟೈಲ್-1-ಪೈರೋಲಿನ್ ಎಂಬ ಸಂಯುಕ್ತ. ಬಾಸ್ಮತಿಯಲ್ಲೂ ಥಾಯ್ಲೆಂಡಿನ ಜಾಸ್ಮಿನ್ ಅಕ್ಕಿಯಲ್ಲೂ ಅದೇ ಇದೆ, ಅಡುಗೆಗೆ ಘಮಕ್ಕೆಂದು ಹಾಕುವ ಪಾಂಡನ್ ಎಲೆಯಲ್ಲೂ ಇದೆ. ಹಾಗಾಗಿ ಸೋನಾ ಮಸೂರಿಗೆ ಆ ಎಲೆ ಹಾಕಿ ಬೇಯಿಸಿ ಅತಿಥಿಗಳ ಮೂಗಿಗೆ ಮೋಸ ಮಾಡಬಹುದು, ನಾಲಿಗೆಗೆ ಆಗುವುದಿಲ್ಲ. ಆ ಸಂಯುಕ್ತ ಬೇಗ ಹಾರಿಹೋಗುವ ವಸ್ತು; ಅಕ್ಕಿ ಹಳತಾದಂತೆ ಅನ್ನ ಉದುರಾಗುತ್ತದೆ, ಪರಿಮಳ ಇಳಿಯುತ್ತದೆ.

ತಕರಾರು ಪಲಾವಿನದು. ಮಲಬಾರಿನವರು ಬಿರಿಯಾನಿಯನ್ನೇ ಜೀರಕಸಾಲದಂಥ ಸಣ್ಣ, ಪರಿಮಳದ ಅಕ್ಕಿಯಲ್ಲಿ ಮಾಡುತ್ತಾರೆ. ಅವರಿಗೇನು ಅಡುಗೆ ಗೊತ್ತಿಲ್ಲವೇ? ನಮ್ಮ ಮನೆಯಲ್ಲಿ ಜೀರಿಗೆಸಣ್ಣ ಅಕ್ಕಿಯ ತುಪ್ಪದನ್ನ ಮಾಡುತ್ತೇವೆ. ನೆನೆಸಿದ ಅಕ್ಕಿಯನ್ನು ಬಸಿದು, ಎರಡು ಲವಂಗ ಹಾಕಿದ ತುಪ್ಪದಲ್ಲಿ ಅಗುಳು ಮುರಿಯದಂತೆ ಹುರಿದು, ಆಮೇಲೆ ಬಿಸಿ ನೀರು. ಮಸಾಲೆ ಪುಡಿ, ಪುದೀನ ಹತ್ತಿರ ಸುಳಿಯಬಾರದು.

ಉತ್ತರ (ಸೊರಬ)
ನಾವು ಅನ್ನ ಬಸಿದು ಉಣ್ಣುವವರು. ಬಸಿದ ಗಂಜಿಗೆ ಉಪ್ಪು, ತುಪ್ಪ, ಪಕ್ಕದಲ್ಲಿ ಅಪ್ಪೆಮಿಡಿ. ಘಮ ಅರ್ಧ ಅದರಲ್ಲಿಯೇ ಇರುತ್ತದೆ. ಗಂಜಿ ಚೆಲ್ಲುವವರಿಗೆ ಮಾತ್ರ ನಷ್ಟ.

ಪ್ರಶ್ನೆ ಕೇಳಿದವರು
ಇಂದು ಪಾತ್ರೆಯಲ್ಲಿ ಮಾಡಿದೆ, ಅನ್ನ ಬಿಡಿಬಿಡಿಯಾಗಿ ಬಂತು. ಅತ್ತೆಯವರು ತಂಬುಳಿಗೆ ಎರಡನೇ ಸಲ ಹಾಕಿಸಿಕೊಂಡರು. ಭಾನುವಾರ ತುಪ್ಪದನ್ನ ಮಾಡೋಣವೆಂದಿದ್ದೇನೆ. ತೆಂಗಿನ ಹಾಲು ಹಾಕಬಹುದೇ?

ಉತ್ತರ (ಸಾಗರ)
ಹಾಕಬಹುದು, ಹಾಲು ಹಾಕಿದಷ್ಟು ನೀರು ಕಳೆಯಿರಿ. ಗಟ್ಟಿ ಹಾಲು ಬೇಡ, ತಳ ಹಿಡಿಯುತ್ತದೆ; ಎರಡನೇ ಸಲ ಹಿಂಡಿದ್ದು ಸಾಕು.

ಉತ್ತರ (ಹೊಸನಗರ)
ಲವಂಗ ಒಂದೇ ಹಾಕಿ.