ಪದಚರ್ಚೆ: ‘ಆನ್ಸಾಂಬಲ್ ಚೆನ್ನಾಗಿತ್ತು’ ಎನ್ನುವುದು ಕನ್ನಡದಲ್ಲಿ ಹೇಗೆ?

ಎಲ್ಲರಿಗೂ ನಮಸ್ಕಾರ.

ಜಯಚಾಮರಾಜ ಒಡೆಯರಿಗೂ ಲಂಡನ್ನಿನ ಫಿಲ್‌ಹಾರ್ಮೋನಿಯಾಕ್ಕೂ ಇದ್ದ ನಂಟಿನ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಸಂಗತಿಗಳಿಗೆ ಬರವಿಲ್ಲ. ವಿಮರ್ಶಕರ ಮೆಚ್ಚುಗೆಯನ್ನು ಕನ್ನಡದಲ್ಲಿ ಹೇಳಹೊರಟಾಗ ಮಾತ್ರ ಪದಗಳು ಕೈಕೊಡುತ್ತಿವೆ.

ಗೊತ್ತಿಲ್ಲದವರಿಗೆ ಎರಡು ಮಾತು. ಫಿಲ್‌ಹಾರ್ಮೋನಿಯಾ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ದೊಡ್ಡ ತಂಡ. ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಇದನ್ನು ಕಟ್ಟಿದ್ದು 1945ರಲ್ಲಿ. ಅಕ್ಟೋಬರ್ 27ರಂದು ನಡೆದ ಮೊದಲ ಕಚೇರಿಯನ್ನು ನಡೆಸಿಕೊಟ್ಟವರು ಥಾಮಸ್ ಬೀಚಮ್. ಸಂಭಾವನೆಯಾಗಿ ಪಡೆದದ್ದು ಒಂದು ಸಿಗಾರ್ ಮಾತ್ರ ಎನ್ನುತ್ತಾರೆ. ಕೆಲವೇ ವರ್ಷಗಳಲ್ಲಿ ನಮ್ಮ ಮಹಾರಾಜರು ಅದರ ಕಚೇರಿ ಸೊಸೈಟಿಯ ಅಧ್ಯಕ್ಷರಾಗಿ ಹಣದ ಹೊಣೆಗೂ ಹೆಗಲು ಕೊಟ್ಟರು. ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ರಚಿಸಿದ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಬಂದದ್ದು ಇದೇ ತಂಡದ ನುಡಿಸಾಣಿಕೆಯಲ್ಲಿ, ಮೈಸೂರಿನ ದುಡ್ಡಿನಲ್ಲಿ. 1952ರಲ್ಲಿ ತಂಡ ನಿರ್ದೇಶಕ ಕರಾಯನ್ ಜೊತೆ ಯುರೋಪ್ ಸುತ್ತಿ ಬಂತು. ಅದೇ ವರ್ಷ ಎಂಬತ್ತೈದು ದಾಟಿದ ಹೆಸರಾಂತ ನಿರ್ದೇಶಕ ತೊಸ್ಕಾನಿನಿ ಲಂಡನ್ನಿಗೆ ಬಂದು ಇವರಿಂದ ಬ್ರಾಮ್ಸ್‌ನ ನಾಲ್ಕೂ ಸಿಂಫನಿಗಳನ್ನು ನುಡಿಸಿದರು. ಏಳು ವರ್ಷದ ಕೂಸಿಗೆ ಅದಕ್ಕಿಂತ ದೊಡ್ಡ ಶಹಬ್ಬಾಸ್‌ಗಿರಿ ಬೇಕೆ?

ತೊಡಕು ಹೆಸರಿನಿಂದಲೇ ಶುರು. ‘ಆರ್ಕೆಸ್ಟ್ರಾ’ ಎಂದು ಬರೆದರೆ ನಮ್ಮ ಓದುಗರ ಕಣ್ಣಿಗೆ ಗಣೇಶನ ಪೆಂಡಾಲು, ರಸಮಂಜರಿ, ಸಿನಿಮಾ ಹಾಡು ಬರುತ್ತವೆ. ಹಾಗಾಗಿ ‘ವಾದ್ಯವೃಂದ’ ಇಟ್ಟುಕೊಂಡಿದ್ದೇನೆ; ಆಕಾಶವಾಣಿಯ ಪುಣ್ಯದಿಂದ ಅದು ಕಿವಿಗೆ ಹೊಸದಲ್ಲ. ಇನ್ನು ‘ಯುವ ವಾದ್ಯವೃಂದ’ ಎಂದರೆ ಕಾಲೇಜು ಹುಡುಗರ ತಂಡ ಎಂದಾಗಿಬಿಡುತ್ತದೆ. ಇಲ್ಲಿ ಎಳೆಯದು ತಂಡವೇ ಹೊರತು ನುಡಿಸುವವರೆಲ್ಲರೂ ಅಲ್ಲ. (ಹಾರ್ನ್ ವಾದಕ ಡೆನಿಸ್ ಬ್ರೈನ್‌ಗೆ ತಂಡದ ಮೊದಲ ಕಚೇರಿಯ ಹೊತ್ತಿಗೆ ಇಪ್ಪತ್ನಾಲ್ಕು, ಆ ಮಾತು ಬೇರೆ.) ‘ಎಳೆಯ ವಾದ್ಯವೃಂದ’ ನಡೆದೀತೇ?

ನಿಜವಾದ ತಲೆನೋವು ‘ಆನ್ಸಾಂಬಲ್’. ಹಲವರು ಕೂಡಿ ನುಡಿಸುವಾಗ ಹುಟ್ಟುವ ಆ ಒಂದುತನಕ್ಕೆ ವಿಮರ್ಶಕರು ಬಳಸುವ ಪದ. ನಿಘಂಟು ‘ಹೊಂದಾಣಿಕೆ’ ಎನ್ನುತ್ತದೆ. ನನಗದು ಸಮ್ಮಿಶ್ರ ಸರ್ಕಾರದ ವಾಸನೆ ಹೊಡೆಯುತ್ತದೆ. ‘ಒಕ್ಕೊರಲು’ ಕೊರಳಿನದು, ಮೇಲಾಗಿ ಎಲ್ಲರೂ ಒಂದೇ ಸ್ವರ ಹಿಡಿದಂತೆ. ಇಲ್ಲಿ ಒಂದೊಂದು ವಾದ್ಯಗುಂಪಿನ ಸ್ವರವೂ ಬೇರೆ. ನಮ್ಮ ಕಚೇರಿ ವಿಮರ್ಶೆಗಳಿಂದ ಎರವಲು ತರೋಣವೆಂದರೆ, ಅಲ್ಲಿ ಪಕ್ಕವಾದ್ಯದವರಿಗೆ ಸಿಗುವ ದೊಡ್ಡ ಹೊಗಳಿಕೆ ‘ನೆರಳಿನಂತೆ ಅನುಸರಿಸಿದರು’ ಎಂಬುದು. ವಾದ್ಯವೃಂದದಲ್ಲಿ ಪಕ್ಕದವರನ್ನು ಕೇಳಿಸಿಕೊಂಡು ಆಮೇಲೆ ಅನುಸರಿಸಹೊರಟವನು ತಡವಾದ ಎಂದೇ ಲೆಕ್ಕ. ನಮ್ಮಲ್ಲಿ ಮೆಚ್ಚುಗೆಯಾದದ್ದು ಅಲ್ಲಿ ದೋಷವಾಗುತ್ತದೆ.

ಯಕ್ಷಗಾನದ ‘ಹಿಮ್ಮೇಳ’ ‘ಮುಮ್ಮೇಳ’ಗಳ ಜಾಡಿನಲ್ಲಿ ‘ಒಮ್ಮೇಳ’ ಎಂದು ಕಟ್ಟಿಕೊಂಡು ನೋಡಿದೆ: “ಫಿಲ್‌ಹಾರ್ಮೋನಿಯಾದ ತಂತಿವಾದ್ಯಗಳ ಒಮ್ಮೇಳ ಮೆಚ್ಚುವಂಥದ್ದು.” ನನಗೇನೋ ಹಿಡಿಸಿತು. ಈ ಪದ ಹಳೆಗನ್ನಡದಲ್ಲಿ ಬೇರೆ ಅರ್ಥದಲ್ಲೇನಾದರೂ ಸಿಗುತ್ತದೆಯೇ, ಬಲ್ಲವರು ಹೇಳಬೇಕು. ಕರಾವಳಿಯವರ ಕಿವಿಗೆ ಇದು ಹೇಗೆ ಕೇಳುತ್ತದೆ ಎಂಬ ಕುತೂಹಲವೂ ಇದೆ.

‘ಅಟ್ಯಾಕ್’, ಅಂದರೆ ಸ್ವರವನ್ನು ಶುರುಮಾಡುವ ಬಗೆ, ಇಷ್ಟು ಕಾಡಲಿಲ್ಲ. ‘ಆಕ್ರಮಣ’ ಎಂದು ಬರೆದವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ‘ಎತ್ತುಗಡೆ’ ಸಾಕು. ಬೀತೋವನ್‌ನ ಐದನೇ ಸಿಂಫನಿಯನ್ನೇ ನೋಡಿ: ಮೊದಲು ಒಂದು ಚಿಕ್ಕ ವಿರಾಮ, ಆಮೇಲೆ ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ. ನಮ್ಮ ಲೆಕ್ಕದಲ್ಲಿ ಅನಾಗತ ಎಡುಪು, ಅಂದರೆ ತಾಳ ಶುರುವಾದ ಮೇಲೆ ಸಂಗೀತ ಎತ್ತಿಕೊಳ್ಳುವುದು. ನಿರ್ದೇಶಕನ ಕೋಲು ಬೀಳುವುದು ಮೌನದ ಮೇಲೆ. ಆ ಮೌನದಿಂದ ಅಷ್ಟೂ ಕಮಾನುಗಳು ಒಟ್ಟಿಗೇ ತಂತಿಗೆ ಇಳಿಯಬೇಕು. ‘ಎತ್ತುಗಡೆ ಚೊಕ್ಕವಾಗಿತ್ತು’ ಎಂದರೆ ಸಂಗೀತ ಬಲ್ಲವರಿಗೆ ಅರ್ಥವಾಗುತ್ತದೆ. ಬೀಳಬೇಕಾದ್ದು ‘ಇಳಿಗಡೆ’ ಅಲ್ಲವೇ ಎಂದು ಯಾರೂ ಜಗಳಕ್ಕೆ ಬರುವುದಿಲ್ಲವೆಂದು ನಂಬಿದ್ದೇನೆ.

‘ಪಾಲಿಶ್’ಗೆ ‘ನಯ’ ಎಂದರೆ ಹೊಗಳಿಕೆ, ‘ಮೆರುಗು’ ಎಂದರೆ ಒಳಗೇನೂ ಇಲ್ಲವೇನೋ ಎಂಬ ಅನುಮಾನ. ಇಂಗ್ಲಿಷಿನಲ್ಲಿ ಎರಡೂ ಛಾಯೆ ಒಂದೇ ಪದದಲ್ಲಿ ಅಡಗಿ ಕೂತಿರುತ್ತವೆ, ವಿಮರ್ಶಕ ಬಚಾವು. ಕನ್ನಡದಲ್ಲಿ ನಾನು ಯಾವುದಾದರೂ ಒಂದು ಪಕ್ಷ ಹಿಡಿಯಲೇಬೇಕು.

ಒಂದು ಕಡೆ ಮಾತ್ರ ಕನ್ನಡ ಗೆದ್ದಿದೆ. ತಂಡಕ್ಕೆ ಅಂದವಾದ ಶೈಲಿ ಇರಬೇಕು, ಆದರೆ ಯಾವುದೇ ಒಂದು ಶೈಲಿಗೆ ಕಟ್ಟುಬೀಳಬಾರದು ಎಂಬುದು ಲೆಗ್‌ರ ನಿಲುವಾಗಿತ್ತು. ಇಂಗ್ಲಿಷಿನಲ್ಲಿ ಇದು ಒಂದೇ ಪದದ ಕಸರತ್ತು. ನಮ್ಮಲ್ಲಿ ‘ಶೈಲಿ ಬೇಕು, ಬಾನಿ (ಒಂದು ಪರಂಪರೆಯ ಗೊತ್ತಾದ ಧಾಟಿ) ಬೇಡ’ ಎಂದರೆ ಮುಗಿಯಿತು. ಮೈಸೂರು ವೀಣೆಯ ಬಾನಿ ಎಂದು ಹೆಮ್ಮೆಪಡುವ ಊರಿನ ದೊರೆಗೆ ಆ ಮಾತು ಹೇಗೆ ಕೇಳಿಸಿರಬಹುದೋ!

‘ಎಳೆಯ’, ‘ಒಮ್ಮೇಳ’, ‘ನಯ/ಮೆರುಗು’, ಈ ಮೂರರ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ. ಒಮ್ಮೇಳಕ್ಕಿಂತ ಒಳ್ಳೆಯದು ಹೊಳೆದರೆ ಬಳಕೆಯ ವಾಕ್ಯದ ಸಮೇತ ಕೊಡಿ. ಬರೀ ಪದ ಕೊಟ್ಟರೆ ಅದು ವಾಕ್ಯದಲ್ಲಿ ನಿಲ್ಲುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ.